ಲಿಸ್ಲ್ ಬಿಟ್ಟು ಹಳ್ಳಿಗೆ ಹೊರಟ ರೈತ

ನಿವೃತ್ತನಾದ ಮರುವಾರವೇ ನಾನು ರೈತನಾಗುವುದೆಂದು ತೀರ್ಮಾನಿಸಿದೆ. ಇಷ್ಟು ವರ್ಷ ಷಿಕಾಗೋ ಪಕ್ಕದ ಲಿಸ್ಲ್ ಊರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತವನಿಗೆ ಮಣ್ಣಿನ ಮುಂದೆ ಕೂರುವುದು ಯಾವ ಮಹಾ ಕೆಲಸ! ಹಳ್ಳಿಗಾಡಿನಲ್ಲಿ ಐದಾರು ಎಕರೆ ಜಮೀನು, ಹಳೆಯದೊಂದು ಮನೆ, ಒಂದು ಕೊಳ, ಒಂದು ಹಸು. ಹಾಲು ಕರೆಯುವುದನ್ನು ಯೂಟ್ಯೂಬ್‌ನಲ್ಲಿ ಆಗಲೇ ಕಲಿತಾಗಿತ್ತು. ಹಸುವಿಗೆ ತಿಳಿಸುವುದೊಂದೇ ಬಾಕಿ.

"ರೈತನ ರಕ್ತ ಕಣೇ ಇದು. ಮಂಡ್ಯದ ಹತ್ರ ನಮ್ಮ ತಾತನಿಗೆ ಗದ್ದೆ ಇತ್ತು ಗೊತ್ತಾ?" ಎಂದೆ ಹೆಂಡತಿಗೆ.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಆದರೆ ಮಾತಿನಲ್ಲಿ ಪೇಡೆಯ ಸಿಹಿಯನ್ನು ನಿರೀಕ್ಷಿಸಬಾರದು.

"ಇತ್ರೀ. ಆದ್ರ ನಿಮ್ಮ ಅಜ್ಜಾರು ಗದ್ಯಾಗ ಕಾಲಿಟ್ಟದ್ದು ಯಾರರ ನೋಡ್ಯಾರೇನು? ಗೇಣಿಯವ್ರು ದುಡದು ಅರ್ಧಾ ಭತ್ತ ತಂದು ಬಾಗಲಿಗೆ ಹಾಕತಿದ್ರು. ಇವ್ರು ಜಗಲಿ ಮ್ಯಾಲೆ ಕೂತು ಅಳತಿ ಮಾಡಿಸ್ಕೋತಿದ್ರು. ನೀವ ಹೇಳಿದ್ದು!"

ಮಗಳು ಫೋನಿನಲ್ಲಿ ಇನ್ನೂ ಚುಟುಕಾಗಿ ಹೇಳಿದಳು. "ಡ್ಯಾಡ್, ಯು ಕಾಂಟ್ ಈವನ್ ಕೀಪ್ ಅ ತುಳಸಿ ಅಲೈವ್."

ಮಹತ್ಕಾರ್ಯಗಳಿಗೆ ಮನೆಯವರ ಬೆಂಬಲ ಸಿಗುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಬೆಂಬಲ ಬೇಕಿದ್ದರೆ ಹೊರಗಿನವರ ಹತ್ತಿರ ಹೋಗಬೇಕು. ಹೋದೆ. ಯುಗಾದಿ ಊಟದ ದಿನ, ಒಬ್ಬಟ್ಟಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನೇ ಇಡೀ ಕನ್ನಡ ಬಳಗಕ್ಕೆ ಕೇಳುವಂತೆ ಘೋಷಿಸಿಬಿಟ್ಟೆ.

"ಈ ವರ್ಷ ಲಿಸ್ಲ್ ಬಿಡ್ತಾ ಇದೀವಿ. ಹಳ್ಳಿ ಸೇರ್ತಾ ಇದೀವಿ!"

ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಪ್ರಜ್ವಲ್ ಎಂಬ ಹುಡುಗ, ಹೊಸದಾಗಿ ಮದುವೆಯಾದವನು, ಮೆಲ್ಲಗೆ ಕೇಳಿದ. "ಅಂಕಲ್, ಹಾಗಾದ್ರೆ ಈಗಿರೋ ಮನೆ ನಮಗೆ ಮಾರ್ತೀರಾ? ನಾವು ಆ ಏರಿಯಾದಲ್ಲೇ ಹುಡುಕ್ತಾ ಇದೀವಿ."

ಅಷ್ಟು ಜನರ ಮುಂದೆ "ಯೋಚಿಸಿ ಹೇಳ್ತೀನಿ" ಎಂದರೆ ಮರ್ಯಾದೆ ಉಳಿಯುತ್ತದೆಯೇ? "ಕೊಟ್ಟೆ ಅಂದ್ಕೊಳಪ್ಪ!" ಎಂದೆ. ಮುಂದಿನ ಭಾನುವಾರ ಗಂಡ ಹೆಂಡತಿ ಮನೆ ನೋಡಲು ಬಂದರು. ಬೇಸಿಗೆಯ ಕೊನೆಗೆ ಮನೆ ಖಾಲಿ ಮಾಡಿಕೊಡುವುದೆಂದು ಮಾತಾಯಿತು. ಹೊರಡುವಾಗ ಗಿರಿಜಾ ಆ ಹುಡುಗಿಗೆ ಕುಂಕುಮ ಕೊಟ್ಟು, ಎಲೆ ಅಡಿಕೆ ತೆಂಗಿನಕಾಯಿ ಕೈಗಿಟ್ಟಳು. ಬಾಗಿಲು ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಮಾತು ಕೊಟ್ರಿ. ತಾಂಬೂಲಾನೂ ಕೊಟ್ಟಾತು. ಇನ್ನ ನಾವ್ ಎಲ್ಲಿಗೆ ಹೋಗೋದ್ರೀ?"

ಅದೊಂದನ್ನು ನಾನು ಯೋಚಿಸಿರಲಿಲ್ಲ!

ಮೊದಲು ನೋಡಿದ್ದು ಪಶ್ಚಿಮ ಇಲಿನಾಯ್ಸ್‌ನ ಒಂದು ಜಾಗ. ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ, ಮೇಲೆ ನೀಲಿ ಆಕಾಶ. ಆಹಾ ಎಂದು ಎದೆತುಂಬ ಉಸಿರೆಳೆದುಕೊಂಡೆ. ಅದೇ ಕ್ಷಣಕ್ಕೆ ಗಾಳಿ ದಿಕ್ಕು ಬದಲಿಸಿತು. ಪಕ್ಕದ ಹೊಲದಲ್ಲಿ ಹಂದಿ ಸಾಕುತ್ತಿದ್ದರು. ಒಂದೆರಡು ಹಂದಿಯಲ್ಲ, ಒಂದು ತಾಲ್ಲೂಕಿಗಾಗುವಷ್ಟು! ಎಳೆದುಕೊಂಡ ಉಸಿರನ್ನು ನಾನು ಬಿಟ್ಟಿದ್ದು ಹೈವೇಗೆ ಬಂದ ಮೇಲೆಯೇ.

ಇದನ್ನು ಕೇಳಿ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿರುವ ನನ್ನ ಹಳೆಯ ಸ್ನೇಹಿತ ಶ್ರೀಕಂಠ ಫೋನಿನಲ್ಲೇ ನಕ್ಕ. "ಇಲಿನಾಯ್ಸ್‌ನಲ್ಲಿ ಏನಿದೆಯೋ ಮಾರಾಯ, ಬರೀ ಜೋಳ. ಮಿಶಿಗನ್‌ಗೆ ಬಾ, ನಾನಿದೀನಿ!"

ಹೋದೆವು. ಅವನೇ ಡ್ರೈವ್ ಮಾಡಿಕೊಂಡು ಉತ್ತರಕ್ಕೆ ಕರೆದೊಯ್ದ. ಮರಗಳು, ತೊರೆ, ಜಿಂಕೆ, ಎಲ್ಲವೂ ಇದ್ದವು. ಮನೆಯ ಯಜಮಾನ ಹೆಮ್ಮೆಯಿಂದ ತನ್ನ ಹಿಮ ತೆಗೆಯುವ ಯಂತ್ರ ತೋರಿಸಿದ. ಅದು ನಮ್ಮ ಕಾರಿಗಿಂತ ದೊಡ್ಡದಿತ್ತು. ಜನವರಿಯಲ್ಲಿ ಬಾಗಿಲು ತೆರೆಯಲಾಗದಿದ್ದರೆ ಗಾಬರಿ ಬೇಡ, ಮೇಲಿನ ಕಿಟಕಿಯಿಂದ ಇಳಿಯಬಹುದು ಎಂದು ಧೈರ್ಯ ಹೇಳಿದ. ಗಿರಿಜಾ ನನ್ನ ಮೊಣಕಾಲನ್ನೇ ದಿಟ್ಟಿಸಿದಳು.

"ಮನ್ಯಾಗ ಇಂಗು ಮುಗೀತು ಅಂದ್ರ ಎಷ್ಟು ದೂರ ಹೋಗಬೇಕ್ರೀ ಅಣ್ಣಾ?" ಎಂದು ಶ್ರೀಕಂಠನನ್ನು ಕೇಳಿದಳು.

"ನಮ್ಮನೆಗೇ ಬರ್ಬೇಕಮ್ಮ. ನಾಲ್ಕು ಗಂಟೆ" ಎಂದ ಪುಣ್ಯಾತ್ಮ.

ಮೂರನೆಯ ಜಾಗ ನೋಡುವ ಹೊತ್ತಿಗೆ ಬೇಸಿಗೆ ಅರ್ಧ ಕಳೆದಿತ್ತು. ಅತ್ತ ಪ್ರಜ್ವಲ್ ನಮ್ಮ ಮನೆಗೆ ಪರದೆ ಅಳತೆ ತೆಗೆದುಕೊಂಡು ಹೋಗಿದ್ದ. ಈ ಜಾಗ ಷಿಕಾಗೋ ಮತ್ತು ಡೆಟ್ರಾಯಿಟ್‌ಗಳ ನಡುವೆ, ಮಿಶಿಗನ್ ಗಡಿ ದಾಟಿದರೆ ಸ್ವಲ್ಪ ದೂರ. ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ಕೊಳ, ಬೇಲಿಯುದ್ದಕ್ಕೂ ಬ್ಲೂಬೆರಿ. ಮನೆ ಮಾರುತ್ತಿದ್ದ ಅಜ್ಜಿ ತಾವೇ ಅಡುಗೆಮನೆ ತೋರಿಸಿದರು. ಗಿರಿಜಾ ಕಿಟಕಿಯ ಬಳಿ ನಿಂತು ಕೊಳ ನೋಡಿದಳು.

"ಇಲ್ಲೇ ದೇವರ ಗೂಡು ಇಡೋಣ್ರೀ. ಇಲ್ಲೇ ಕೂತು ಸೊಪ್ಪು ಸೋಸ್ತೀನಿ" ಎಂದಳು ಕೊನೆಗೆ. ಹಳ್ಳಿ ಬೇಡವೆಂದು ಹಟ ಹಿಡಿದಿದ್ದವಳು! ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಇನ್ನೊಂದು ದಂಪತಿಗೂ ಮನೆ ಹಿಡಿಸಿದೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದುಬಿಡಿ, ಮೊದಲು ಬಂದವರಿಗೆ ಕೊಡುತ್ತಾರೆ ಎಂದ ಏಜೆಂಟ್. ನಾವು ಹತ್ತಕ್ಕೆ ಇನ್ನೂ ಸಮಯವಿರುವಾಗಲೇ ಗೇಟಿನ ಮುಂದೆ ಹಾಜರಾದೆವು. ಗಿರಿಜಾ ರೇಷ್ಮೆ ಸೀರೆ ಉಟ್ಟಿದ್ದಳು. ಇಳಿಯಲು ಬಾಗಿಲಿಗೆ ಕೈ ಹಾಕಿದಳು.

"ತಾಳು! ರಾಹುಕಾಲ!" ಎಂದೆ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ನಾನು ವಿಜ್ಞಾನದ ವಿದ್ಯಾರ್ಥಿ. ರಾಹುಕಾಲ ನೋಡುವವರನ್ನು ಕಂಡು ಜೀವನವಿಡೀ ನಕ್ಕವನು. ಆದರೆ ಬೇರೆಯವರ ಮನೆ ಕೊಳ್ಳುವಾಗ ನಗುವುದು ಸುಲಭ. ನಮ್ಮದೇ ಎಂದಾಗ, ಇಷ್ಟು ಚೆಂದದ ಮನೆಗೆ ಸುಮ್ಮನೆ ಯಾಕೆ ರಿಸ್ಕ್?

"ನೀವ್ ಯಾವಾಗಿಂದ ನೋಡಾಕ ಹತ್ತಿದ್ರಿ ಇದನ್ನೆಲ್ಲಾ?" ಎಂದಳು ಗಿರಿಜಾ.

"ಶನಿವಾರ ಹತ್ತೂವರೆವರೆಗೆ ಇರುತ್ತೆ. ಅರ್ಧ ಗಂಟೆ ತಡವಾದ್ರೆ ಏನೂ ಮುಳುಗೋಗಲ್ಲ."

ಫೋನಿನಲ್ಲಿ ಹತ್ತೂವರೆ ಆಯಿತು. ಇಳಿಯೋಣವೆಂದರೆ ಕೈಗಡಿಯಾರದಲ್ಲಿ ಒಂಬತ್ತೂವರೆ! ಆಗ ಹೊಳೆಯಿತು. ಮಿಶಿಗನ್‌ಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಫೋನು ಹೋಗಿದೆ, ವಾಚು ಹೋಗಿಲ್ಲ. ಈಗ ರಾಹು ಹೋಗಿದ್ದಾನೋ ಇಲ್ಲವೋ?

ಶ್ರೀಕಂಠನಿಗೆ ಫೋನ್ ಮಾಡಿದೆ. "ಮಿಶಿಗನ್ ಟೈಮೇ ಲೆಕ್ಕ ಕಣೋ. ರಾಹು ಲೋಕಲ್!" ಎಂದ. ಆದರೆ ನಾನು ನೋಡಿದ್ದು ಷಿಕಾಗೋ ಪಂಚಾಂಗ. ಇಂಜಿನಿಯರ್ ಆದವನು ಇಂಥ ಸಂದರ್ಭದಲ್ಲಿ ಸೇಫ್ಟಿ ಮಾರ್ಜಿನ್ ಇಟ್ಟುಕೊಳ್ಳಬೇಕು. ಎರಡೂ ರಾಜ್ಯಗಳ ರಾಹು ತೊಲಗಲಿ ಎಂದು ಕಾಯುವುದಾಗಿ ತೀರ್ಮಾನಿಸಿದೆ. ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಡಬ್ಬಿ ತೆರೆದೆ.

"ಮನಿ ತಗೊಳ್ಳಾಕ ಬಂದೀರೋ, ಗ್ರಹಾ ಕಾಯಾಕ ಬಂದೀರೋ? ನಾ ಒಬ್ಬಾಕೀನರ ಹೋಗಿ ಮಾತಾಡ್ತೀನಿ, ಬಿಡ್ರಿ" ಎಂದಳು ಗಿರಿಜಾ.

"ಇಷ್ಟು ಕಾದಿದೀವಿ, ಇನ್ನೊಂಚೂರು" ಎಂದೆ.

ಅಷ್ಟರಲ್ಲಿ ಪಿಕಪ್ ಟ್ರಕ್ಕೊಂದು ನಮ್ಮನ್ನು ದಾಟಿಕೊಂಡು ಗೇಟಿನೊಳಗೆ ಹೋಯಿತು. ರಬ್ಬರ್ ಬೂಟು ಹಾಕಿದ್ದ ಗಂಡ ಹೆಂಡತಿ ಇಳಿದರು. ಏಜೆಂಟ್ ಬಾಗಿಲು ತೆರೆದ. ನಾನು ಪುಳಿಯೋಗರೆಯ ಎರಡನೆಯ ತುತ್ತಿನಲ್ಲಿದ್ದೆ. ಕೊನೆಯ ತುತ್ತಿಗೆ ಅವರೆಲ್ಲ ಜಗಲಿಗೆ ಬಂದು ಪರಸ್ಪರ ಕೈ ಕುಲುಕುತ್ತಿದ್ದರು. ಅದೂ ನಡು ರಾಹುಕಾಲದಲ್ಲಿ!

ಅಜ್ಜಿಯೇ ನಮ್ಮ ಕಾರಿನವರೆಗೆ ನಡೆದು ಬಂದರು. ನೀವು ಬರುತ್ತೀರೆಂದು ಕಾಯುತ್ತಿದ್ದೆ, ಇಳಿಯಲೇ ಇಲ್ಲವಲ್ಲ, ಮನಸ್ಸು ಬದಲಾಯಿಸಿದಿರೆಂದುಕೊಂಡೆ ಎಂದರು. ಗಿರಿಜಾಳ ಸೀರೆ ನೋಡಿ, ಯಾವುದಾದರೂ ಮದುವೆಗೆ ಹೊರಟಿದ್ದೀರಾ ಎಂದು ಕೇಳಿದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಗಿರಿಜಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ಬಹಳ ಸಂಕಟವಾಯಿತು. ಮನೆಯ ಹತ್ತಿರದ ಎಕ್ಸಿಟ್ ತೆಗೆದುಕೊಂಡಾಗ ಒಂದೇ ಒಂದು ಮಾತು ಕೇಳಿದಳು.

"ಮುಗೀತೇನ್ರೀ ರಾಹುಕಾಲ?"

ಬೇಸಿಗೆಯಂತೂ ಮುಗಿದಿತ್ತು. ಕೊಟ್ಟ ಮಾತಿನಂತೆ ಬೀಗದ ಕೈಯನ್ನು ಪ್ರಜ್ವಲ್‌ಗೆ ಒಪ್ಪಿಸಿ, ಪಕ್ಕದೂರು ಡೌನರ್ಸ್ ಗ್ರೋವ್‌ನಲ್ಲಿ ಮೂರನೆಯ ಮಹಡಿಯ ಅಪಾರ್ಟ್‌ಮೆಂಟ್ ಸೇರಿದೆವು. ರೈಲಿನ ಸದ್ದು ಚೆನ್ನಾಗಿ ಕೇಳುತ್ತದೆ. ಬಾಲ್ಕನಿಯಲ್ಲಿ ಒಂದು ಕುಂಡವಿಡಲು ಮ್ಯಾನೇಜ್‌ಮೆಂಟಿನ ಅನುಮತಿ ಬೇಕು. ಹಸುವಿನ ವಿಷಯ ನಾನು ಎತ್ತಲಿಲ್ಲ.

ಮರುವರ್ಷ ಹಿಮ ಕರಗಿದ ಮೇಲೆ ಪ್ರಜ್ವಲ್ ಫೋನ್ ಮಾಡಿದ.

"ಅಂಕಲ್, ಬ್ಯಾಕ್‌ಯಾರ್ಡ್ ಖಾಲಿ ಬಿದ್ದಿದೆ, ನಮಗೆ ಟೈಮೇ ಇಲ್ಲ. ನಿಮಗೆ ಫಾರ್ಮಿಂಗ್ ಇಷ್ಟ ಅಲ್ವಾ? ನೀವೇ ಬಂದು ಏನಾದ್ರೂ ಬೆಳೀರಿ. ಬಂದಿದ್ರಲ್ಲಿ ಅರ್ಧ ನಮಗೆ ಕೊಟ್ರೆ ಸಾಕು."

ಗಿರಿಜಾ ಪಕ್ಕದಲ್ಲೇ ಇದ್ದಳು. ಫೋನ್ ಸ್ಪೀಕರಿನಲ್ಲಿತ್ತು. ಎಷ್ಟೋ ತಿಂಗಳ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿಗಾಗಿಯೇ ನಾನು ಒಪ್ಪಿಕೊಂಡೆ.

ಈಗ ಬೆಳಿಗ್ಗೆ ನಾವಿಬ್ಬರೂ ಲಿಸ್ಲ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತೇವೆ. ಬದನೆ, ಬೆಂಡೆ, ಮೆಂತ್ಯ ಸೊಪ್ಪು ಎಲ್ಲಾ ಬಂದಿದೆ. ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಾಳೆ. ನಾನು ಅರ್ಧ ಪಾಲನ್ನು ಬುಟ್ಟಿಗೆ ಹಾಕಿಕೊಂಡು, ಇಷ್ಟು ವರ್ಷ ನಾನೇ ವಾಸವಿದ್ದ ಮನೆಯ ಬೆಲ್ ಒತ್ತಿ, ಬಾಗಿಲಲ್ಲಿ ನಿಲ್ಲುತ್ತೇನೆ.

"ನಿಮ್ಮ ಅಜ್ಜಾರು ಇರಬೇಕಿತ್ರೀ ಇದನ್ನ ನೋಡಾಕ" ಎನ್ನುತ್ತಾಳೆ ಗಿರಿಜಾ.

ಉಳುವವನೇ ಹೊಲದೊಡೆಯ ಎಂದು ನಮ್ಮ ಕಡೆ ಒಂದು ಕಾನೂನು ಬಂದಿತ್ತು. ತಾತ ಸಾಯುವವರೆಗೂ ಅದನ್ನು ಬೈಯುತ್ತಿದ್ದರು. ಅಂಥದ್ದು ಇಲಿನಾಯ್ಸ್‌ನಲ್ಲೇನಾದರೂ ಇದೆಯೇ ಎಂದು ನಾನು ಮೊನ್ನೆ ವಕೀಲರೊಬ್ಬರನ್ನು ವಿಚಾರಿಸಿದೆ.

ಇಲ್ಲವಂತೆ!