ಮಂಗಳದಲ್ಲಿ ಬಾಳೋಕಾಗಲ್ಲ

ನಮ್ಮ ಮಾವನ ಎದುರು ಈ ಭೂಮಿಯ ಮೇಲಿನ ಯಾವುದನ್ನೂ ದೂರುವಂತಿಲ್ಲ. ಚಳ್ಳಕೆರೆಯ ಏಪ್ರಿಲ್ ಬಿಸಿಲನ್ನೂ ದೂರುವಂತಿಲ್ಲ ಎಂದರೆ ನೀವೇ ಊಹಿಸಿ, ಇದು ಎಂಥ ಕಷ್ಟದ ನೆಂಟಸ್ತಿಕೆ!

ಮಾವ ಎಂದರೆ ನನ್ನ ಅವ್ವನ ತಮ್ಮ. ಊರಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುತ್ತಾರೆ. ಮೊದಲೆಲ್ಲ ಅವರೂ ನಮ್ಮ ಹಾಗೇ ಕರೆಂಟು, ಧೂಳು, ಸೊಳ್ಳೆ ಎಲ್ಲವನ್ನೂ ಬೈದುಕೊಂಡು ಸುಖವಾಗಿದ್ದವರು. ಕುದಾಪುರದ ಕಡೆ ದನ ಮೇಯುವ ಹುಲ್ಲಿನ ಕಾವಲಿನ ಪಕ್ಕ ಎದ್ದಿರುವ ವಿಜ್ಞಾನದ ಕ್ಯಾಂಪಸ್ಸುಗಳಲ್ಲಿ ಒಂದರವರು ಒಂದು ಭಾನುವಾರ ಜನರಿಗೆಲ್ಲ ಬಾಗಿಲು ತೆರೆದರು ನೋಡಿ, ಅಲ್ಲಿಂದ ಶುರುವಾಯಿತು. ಅಷ್ಟು ಉದ್ದದ ಕಾಂಪೌಂಡಿನೊಳಗೆ ಏನು ಮಾಡ್ತಾರೆ ಅಂತ ಹೊರಗಿನಿಂದಲೇ ಊಹಿಸಿ ಸುಸ್ತಾಗಿದ್ದ ಮಾವ ಮೊದಲ ಸಾಲಿನಲ್ಲೇ ಹೋಗಿ ಕೂತರು. ಅಲ್ಲಿ ಒಬ್ಬ ವಿಜ್ಞಾನಿ ಹೆಣ್ಣುಮಗಳು, ಭೂಮಿಯ ಮೇಲೆ ಜೀವ ಹೇಗೆ ಉಳಿದಿದೆ ಅಂತ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದಳಂತೆ. ಸೂರ್ಯನಿಂದ ಹದವಾದ ದೂರ, ಹರಿಯುವ ನೀರು, ಕಂಬಳಿಯ ಹಾಗೆ ಹೊದ್ದ ಗಾಳಿ. ವಿಮಾನ, ಬಾಂಬು ಏನಾದರೂ ಕಂಡೀತು ಅಂತ ಹೋಗಿದ್ದ ಮಾವ ಭೂಮಿಯನ್ನು ನೋಡಿಕೊಂಡು ಬಂದರು.

ಅಲ್ಲಿಗೆ ನಮ್ಮೆಲ್ಲರ ಗೊಣಗುವ ಹಕ್ಕು ಹೋಯಿತು. ಸೆಕೆ ಎಂದರೆ, "ಶುಕ್ರದ ಮೇಲೆ ಸೀಸ ಕರಗತೈತೆ, ಹೋಗ್ತೀಯಾ?" ಚಳಿ ಎಂದರೆ ಗುರುಗ್ರಹದಾಚೆಗೆ ಕಳಿಸುತ್ತಿದ್ದರು. ನನ್ನಿವಾಳದಿಂದ ಶೇಂಗಾ ತಂದ ರೈತರೊಬ್ಬರು ನೆಗಡಿಯಾಗಿ ಮೂಗು ಕಟ್ಟಿದೆ ಎಂದು ಸೀನಿದ ತಪ್ಪಿಗೆ, ಚಂದ್ರನ ಮೇಲೆ ಮೂಗು ಬಿಟ್ಟಿದ್ದರೂ ಎಳೆದುಕೊಳ್ಳಲು ಗಾಳಿಯೇ ಇಲ್ಲವೆಂಬುದನ್ನು ನಿಂತುಕೊಂಡೇ ಪೂರ್ತಿ ಕೇಳಬೇಕಾಯಿತು. ಪಾಪ, ಅವರು ತೂಕ ಮಾಡಿಸುವುದನ್ನೂ ಮರೆತು ಮನೆಗೆ ಹೊರಟಿದ್ದರು!

ಅತ್ತೆ ಮಾತ್ರ ಸೋಲುವ ಪೈಕಿಯಲ್ಲ. ಒಂದು ದಿನ ಊಟದ ಹೊತ್ತಿಗೆ ಮಾವ, ಭೂಮಿಯ ಹೊಟ್ಟೆಯೊಳಗೆ ಕಬ್ಬಿಣ ಕುದಿಯುತ್ತಿರುವುದರಿಂದಲೇ ನಮ್ಮ ಸುತ್ತ ಒಂದು ಕಾಂತದ ಕೋಟೆ ಎದ್ದಿದೆ, ಸೂರ್ಯನಿಂದ ನುಗ್ಗುವ ಕೆಟ್ಟ ಕಣಗಳನ್ನು ಅದೇ ತಡೆಯುತ್ತದೆ, ಅದಕ್ಕೇ ನಾವೆಲ್ಲ ಬದುಕಿದ್ದೇವೆ ಎಂದು ವಿವರಿಸುತ್ತಿದ್ದರು. ಅತ್ತೆ ಮುದ್ದೆ ಬಡಿಸುತ್ತಾ, "ಮೂವತ್ತು ವರ್ಷದಿಂದ ನನ್ನ ಹೊಟ್ಟೇಲೂ ಕುದೀತಾನೇ ಐತೆ. ಅದಕ್ಕೇ ಈ ಮನೆ ನಡೀತೈತೆ. ಅದಕ್ಕೂ ಒಂದು ನಮಸ್ಕಾರ ಹಾಕ್ರಿ" ಎಂದರು. ಇನ್ನೊಂದು ದಿನ ಮಾವ ಮೈಮರೆತು ಸಾರಿಗೆ ಉಪ್ಪಿಲ್ಲ ಎಂದುಬಿಟ್ಟರು. ಅತ್ತೆ ಇದಕ್ಕೇ ಕಾದಿದ್ದವರ ಹಾಗೆ, ಮಂಗಳದಲ್ಲಿ ಸಾರೇ ಇಲ್ಲವಂತಲ್ಲ ಎಂದು ಕೇಳಿದರು. ಆಮೇಲೆ ಎಷ್ಟೋ ದಿನ ಆ ಮನೆಯಲ್ಲಿ ಉಪ್ಪಿಲ್ಲದ ಸಾರು. ಮಾವ ಬಾಯಿ ಬಿಡದೆ ಉಂಡರು. ತತ್ವಕ್ಕೆ ಬದ್ಧರಾಗಿರುವುದು ಎಂದರೆ ಸುಮ್ಮನೆಯೇ?

ಇಂಥವರ ಮಗನಿಗೆ ಹೆಣ್ಣು ನೋಡಲು ಮೊಳಕಾಲ್ಮುರಿಗೆ ಹೋದೆವು. ಹುಡುಗಿಯ ಅಪ್ಪ ರೇಷ್ಮೆ ಸೀರೆಯ ವ್ಯಾಪಾರಿ. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುವ ಮೆತ್ತನೆಯ ಮನುಷ್ಯ. ದಾರಿಯುದ್ದಕ್ಕೂ ಅತ್ತೆ, ಆಕಾಶದ ವಿಷಯ ಎತ್ತಬೇಡಿ ಎಂದು ಮಾವನಿಂದ ಮಾತು ತೆಗೆದುಕೊಂಡಿದ್ದರು. ಮೈಸೂರುಪಾಕು ಬರುವವರೆಗೆ ಎಲ್ಲ ಸುಸೂತ್ರ. ಅಷ್ಟರಲ್ಲಿ ಆ ಪುಣ್ಯಾತ್ಮರು ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತಾ, ನಮ್ಮೂರಲ್ಲಿ ಎಂಡ ಭಾಳ ಜಾಸ್ತಿ ಎಂದರು. ಎಂಡ ಅಂದರೆ ತೆಲುಗಿನಲ್ಲಿ ಬಿಸಿಲು.

ಅಷ್ಟು ಸಾಕಾಯಿತು. "ಇದೇನ್ರಿ ಬಿಸಿಲು, ಶುಕ್ರ ನೋಡ್ರಿ. ಅಲ್ಲಿ ಪೂರ್ತಿ ಕೆಟ್ಟೈತೆ," ಎಂದರು ಮಾವ.

ಹುಡುಗಿಯ ಅಪ್ಪನ ಟವೆಲ್ಲು ನಿಂತಿತು. ಮಗಳ ಜಾತಕ ನಮಗೆ ಕೊಟ್ಟು ಕಳಿಸಿ ಇನ್ನೂ ವಾರವಾಗಿರಲಿಲ್ಲ. ಅವರು ಮೆಲ್ಲಗೆ, ಹಾಗಾದರೆ ಮಂಗಳ ಹೇಗಿದೆ ಎಂದು ಕೇಳಿದರು.

"ಮಂಗಳ ಕೇಳಲೇಬೇಡ್ರಿ. ಗಾಳಿ ತೆಳು, ನೀರೆಲ್ಲ ಹೆಪ್ಪುಗಟ್ಟೈತೆ. ಅಲ್ಲಿ ಬಾಳೋಕಾಗಲ್ಲ."

ಮಗಳ ಬಾಳಿನ ಬಗ್ಗೆ ಹೀಗೆ ಮುಖದ ಮೇಲೆ ಹೇಳಿದರೆ ಯಾವ ತಂದೆ ತಡೆದುಕೊಂಡಾನು? ಅವರ ಕಣ್ಣು ತುಂಬಿತು. ಒಳಗಿನಿಂದ ಬರುತ್ತಿದ್ದ ಕಾಫಿ ಬಾಗಿಲಲ್ಲೇ ನಿಂತಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ವರ ಮಹಾಶಯ ನೆಲದ ಕಲ್ಲು ಎಣಿಸುತ್ತಿದ್ದ. ಆಗ ಕಾಫಿ ತಟ್ಟೆ ಹಿಡಿದ ಹುಡುಗಿಯೇ ಬಾಗಿಲಿನಿಂದ ಅಪ್ಪನಿಗೆ ಹೇಳಿದಳು: "ನಾನ್ನಾ, ಅವರು ಜಾತಕದ ಗ್ರಹ ಹೇಳ್ತಿಲ್ಲ. ಆಕಾಶದಾಗಿನ ಗ್ರಹ ಹೇಳ್ತಿದಾರೆ."

ಮಾವ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಹುಡುಗ ಒಪ್ಪದಿದ್ದರೂ ಸೊಸೆಯನ್ನು ಅವರು ಕರೆದುಕೊಂಡು ಬರುವವರೇ. ಅದೇ ವರ್ಷ ಮದುವೆಯಾಯಿತು.

ಮರುವರ್ಷ ಆ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಚಿತ್ರದುರ್ಗದ ಆಸ್ಪತ್ರೆ. ಮಗು ಎಂದರೆ ಅಂಗೈ ಉದ್ದದ ಒಂದು ಹೆಣ್ಣು ಜೀವ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಾವ ಕಾರಿಡಾರಿನ ಬೆಂಚು ಹಿಡಿದವರು ಮಿಲ್ಲಿನ ಕಡೆ ತಲೆ ಹಾಕಲಿಲ್ಲ. ಒಳಗೆ ಬಿಸಿ ಎಷ್ಟಿರಬೇಕು, ತೇವ ಎಷ್ಟು, ಗಾಳಿ ಎಷ್ಟು ಎಂದು ನರ್ಸಮ್ಮ ವಿವರಿಸಿದರೆ ಸುಮ್ಮನೆ ತಲೆಯಾಡಿಸಿದರು. ಎಲ್ಲರಿಗೂ ಅಷ್ಟು ಹೇಳುತ್ತಿದ್ದ ಮನುಷ್ಯನ ಬಾಯಿಂದ ಆ ದಿನಗಳಲ್ಲಿ ಒಂದು ಗ್ರಹವೂ ಹೊರಡಲಿಲ್ಲ. ನನಗೆ ಅದೇ ಹೆದರಿಕೆಯಾಗುತ್ತಿತ್ತು.

ಕಡೆಗೊಂದು ಮಧ್ಯಾಹ್ನ ಡಾಕ್ಟರು, ಮಗುವನ್ನು ಇನ್ನು ಹೊರಗೆ ತೆಗೆಯಬಹುದು, ಯಾರಾದರೂ ಬರೀ ಎದೆಗೆ ಒತ್ತಿ ಹಿಡಿದುಕೊಳ್ಳಬೇಕು, ಮೈಯ ಬಿಸಿಯೇ ಈಗ ಔಷಧ ಎಂದರು. ಸೊಸೆಗೆ ಜ್ವರ. ಮಗ ಅವಳಿಗೆ ಮಾತ್ರೆ ತರಲು ಹೋಗಿದ್ದ. ಮಾವ ಎದ್ದು ಕೈ ತೊಳೆದು ಬಂದರು. ಅಷ್ಟು ಜನರ ಮುಂದೆ ಜುಬ್ಬ, ಬನಿಯನ್ನು ಬಿಚ್ಚಿ ಕುರ್ಚಿಗೆ ಒರಗಿ ಕೂತರು. ನರ್ಸಮ್ಮ ಅವರ ನರೆತ ಎದೆಯ ಮೇಲೆ ಮಗುವನ್ನು ಮಲಗಿಸಿ, ಮೇಲೊಂದು ಬಟ್ಟೆ ಕಟ್ಟಿದಳು.

ಮಾವ ಅಲುಗಾಡಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿದು ಕತ್ತಿಗೆ ಬಂತು, ಒರೆಸಿಕೊಳ್ಳಲಿಲ್ಲ. ಅತ್ತೆ ಪಕ್ಕಕ್ಕೆ ಕೂತು, ತಮ್ಮ ಸೆರಗಿನಿಂದಲೇ ಒರೆಸಿದರು. ಎಷ್ಟೋ ಹೊತ್ತಾದ ಮೇಲೆ ಮಾವ ಕಣ್ಣಲ್ಲೇ ನನ್ನನ್ನು ಹತ್ತಿರ ಕರೆದರು. ಬಗ್ಗಿ ಕಿವಿ ಕೊಟ್ಟೆ.

"ಉಸಿರಾಡ್ತೈತೆ ಕಣಲೇ," ಎಂದರು.