ಶಶಿಕಾಂತರ ಮನೆ ಅಂಚೆ

ಸ್ವಂತ ಮನೆ, ಸ್ವಂತ ಬೋರ್‌ವೆಲ್, ಸ್ವಂತ ತಕ್ಕಡಿ ಇದ್ದ ಮೇಲೆ ಇಮೇಲ್ ಮಾತ್ರ ಬೇರೆಯವರ ಮನೆಯಲ್ಲೇಕೆ ಇರಬೇಕು? ದುರ್ಗದಬೈಲಿನ ಅರಳೆ ವ್ಯಾಪಾರಿ ಶಶಿಕಾಂತರ ತಲೆಗೆ ಈ ಹುಳ ಹೊಕ್ಕಿತು.

"ಪುಕ್ಕಟೆ ಇಮೇಲ್ ಕೊಡಾವ್ರು ಓದಂಗಿಲ್ಲಂತ ಏನು ಗ್ಯಾರಂಟಿ? ನನ್ನ ಪತ್ರಾ ನನ್ನ ಬಿಟ್ಟು ಒಂದು ನರಪಿಳ್ಳಿನೂ ಓದಬಾರದು!"

"ಅರಳಿ ರೇಟು ಓದಿ ಅವರೇನು ಕಣ್ಣೀರು ಹಾಕತಾರೇನ್ರಿ?" ಎಂದಳು ಹೆಂಡತಿ ಕಾವೇರಿ.

ಶಶಿಕಾಂತರು ತೂಗಿ ನೋಡಿದರು. ಒಂದು ಕಡೆ ಸ್ವಾತಂತ್ರ್ಯ, ತಮ್ಮದೇ ಹೆಸರಿನ ವಿಳಾಸ. ಇನ್ನೊಂದು ಕಡೆ ಹೋಗಿಬರುವ ಕರೆಂಟು, ಕಿರುಚುವ ಯುಪಿಎಸ್. ಅದರ ಮೇಲೆ, ಮನೆಯಿಂದ ಹೊರಟ ಪತ್ರಗಳನ್ನು ಕಂಡವರ ಕಂಪ್ಯೂಟರು ಕಸದ ಬುಟ್ಟಿಗೆ ತಳ್ಳುತ್ತದೆಂಬ ಸುದ್ದಿ. ಎರಡೂ ಸಮ ತೂಗಿದಾಗ ಮೆಲ್ಲಗೆ ತಮ್ಮ ಕಡೆ ಬೆರಳು ಒತ್ತಿದರು. (ವ್ಯಾಪಾರಿ ಬೆರಳು, ಕೇಳಬೇಕೇ?)

ದೇವರ ಜಗಲಿಯ ಪಕ್ಕ, ಮನೆಯ ಅಂಚೆಪೆಟ್ಟಿಗೆಯಾಗಿ, 'ಸರ್ವರ್' ಎಂಬ ಕಂಪ್ಯೂಟರಿನ ಪ್ರತಿಷ್ಠಾಪನೆಯಾಯಿತು. ಪತ್ರ ಎಲ್ಲಿಂದ ಬರುತ್ತದೆ, ಎಲ್ಲಿ ಕೂರುತ್ತದೆ ಎಂದು ಶಶಿಕಾಂತರು ಗಳಿಗೆಗೊಮ್ಮೆ ಹೋಗಿ ಅದರ ಮಿಣುಕು ದೀಪ ನೋಡಿ ಬರುತ್ತಿದ್ದರು.

ಅಷ್ಟರಲ್ಲಿ ದಸರಾ ಬಂತು. ಢಾಕಾದ ಗಿರಣಿಯವರು ರೇಟು ಒಪ್ಪಿ ಬರೆಯಬೇಕಿತ್ತು. ಆ ಪತ್ರ ಬಂದ ಮರುದಿನದೊಳಗೆ ಇವರು ಹೂಂ ಎನ್ನದಿದ್ದರೆ ಅಷ್ಟು ದೊಡ್ಡ ಆರ್ಡರು ಬೇರೆಯವರ ಪಾಲು. ನವಮಿಯಂದು ಅಂಗಡಿಯಲ್ಲಿ ತಕ್ಕಡಿಗೆ ಪೂಜೆ ಮಾಡಿ ಮನೆಗೆ ಓಡಿಬಂದರೆ, ಮಿಕ್ಸಿ ಮತ್ತು ಈಳಿಗೆಯ ನಡುವೆ ಸರ್ವರ್ ವಿಭೂತಿ ಧರಿಸಿ, ಚೆಂಡುಹೂ ಮುಡಿದು, ತಣ್ಣಗೆ ಕೂತಿತ್ತು.

"ಅಯ್ಯೋ, ಇದನ್ಯಾಕ ಬಂದ್ ಮಾಡಿದಿ?"

"ಖಂಡೇ ಪೂಜಿ ದಿನ ಆಯುಧ ದುಡೀಬಾರದ್ರಿ. ಹೋದ ವರ್ಷ ನಾ ಈಳಗಿ ಮುಟ್ಟಿದ್ದಕ್ಕ ಬೈದವರು ಯಾರು? ನಾಳೆ ಬನ್ನಿ ಮುಡದ ಮ್ಯಾಲ ಚಾಲೂ ಮಾಡೂಣು."

ಶಶಿಕಾಂತರ ಬೆರಳು ಗುಂಡಿಯ ತನಕ ಹೋಯಿತು. ಪೂಜೆಗೆ ಕೂತ ಆಯುಧ ಎಬ್ಬಿಸಿದರೆ ವ್ಯಾಪಾರವೇ ಮಲಗೀತು ಎಂದು ಹೆದರಿ ಹಿಂದೆ ಬಂತು.

ಮರುದಿನ ಸಂಜೆ, ಸರ್ವರ್ ಇನ್ನೂ ಚೆಂಡುಹೂ ಮುಡಿದೇ ಕೂತಿದ್ದಾಗ, ಕಾವೇರಿ ಧಾರವಾಡದ ಅಕ್ಕನ ಮನೆಗೆ ಬನ್ನಿ ಕೊಟ್ಟು ಬಂದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ಢಾಕಾದವರು ಒಪ್ಪ್ಯಾರ. ಅಕ್ಕನ ಕಂಪ್ಯೂಟರ್‌ನ್ಯಾಗ ಹೂಂ ಅಂತ ಬರದು ಬಂದೇನಿ."

"ನಿನಗ್ಹೆಂಗ ಗೊತ್ತಾತು?"

"ನಿಮ್ಮ ಪತ್ರಾ ಕಸದ ಬುಟ್ಟ್ಯಾಗ ಬಿದ್ದಿತ್ತಂತ ಹೋದ ವಾರ ಅವರ ಏಜೆಂಟ ಫೋನ್ ಮಾಡಿದ್ದ. ಇರಲಿ ಅಂತ ನನ್ನ ಪುಕ್ಕಟೆ ಅಡ್ರೆಸ್ಸೂ ಕೊಟ್ಟಿದ್ದೆ. ನಿನ್ನೆ ಪತ್ರಾ ನಿಮಗ ಮುಟ್ಟಲಿಲ್ಲಂತ, ನನ್ನ ಅಡ್ರೆಸ್ಸಿಗೆ ಬರದಾರ."

ಶಶಿಕಾಂತರಿಗೆ ಹೋದ ಜೀವ ಬಂತು. "ಶಾಣೇಕಿ! ಲಗೂನ ಪಾಸ್‌ವರ್ಡ್ ಹೇಳು, ಓದತೇನಿ."

"ಅದು ನನ್ನ ಅಂಚೀರಿ. ನನ್ನ ಬಿಟ್ಟು ಒಂದು ನರಪಿಳ್ಳಿನೂ ಓದಬಾರದು. ಕೂಡ್ರಿ, ಏನ್ ಬರದಾರಂತ ನಾನ ಹೇಳತೇನಿ."

ಶಶಿಕಾಂತರು ಬನ್ನಿ ಹಿಡಿದುಕೊಂಡು ಕೂತರು.