ಅಜ್ಜಿಯ ಕೆಮ್ಮು ಅಳಿಸಿದ್ದು

ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ನಾನು ಮತ್ತು ಕಲಬುರಗಿಯ ಫಾತಿಮಾ ಒಬ್ಬರೇ ಮೇಡಂ ಕೈಕೆಳಗೆ ಸಂಶೋಧನೆ ಮಾಡುತ್ತೇವೆ. ವಿಭಾಗದ ಕಂಪ್ಯೂಟರಿನಲ್ಲಿ ಇಬ್ಬರಿಗೂ ಸೇರಿ ಒಂದೇ ಖಾತೆ. ಕಳೆದ ತಿಂಗಳು ಅದರಲ್ಲಿ ಜಾಗ ತುಂಬಿಹೋಯಿತು. ಸಂಜೆಯೊಳಗೆ ಖಾಲಿ ಮಾಡದಿದ್ದರೆ ಖಾತೆಗೆ ಬೀಗ ಎಂದು ಕಂಪ್ಯೂಟರ್ ಕೇಂದ್ರದಿಂದ ಮೇಲ್ ಬಂತು. ಫಾತಿಮಾ ತರಗತಿಯಲ್ಲಿದ್ದಳು. ವಯಸ್ಸಿನಲ್ಲಿ ಹಿರಿಯನಾದ ನಾನು ಜವಾಬ್ದಾರಿ ಹೊತ್ತೆ.

ಎಲ್ಲಕ್ಕಿಂತ ದೊಡ್ಡ ಫೋಲ್ಡರಿನ ಹೆಸರು ‘ಅಜ್ಜಿ’. ಒಂದು ಫೈಲ್ ತೆರೆದೆ. ಮುದುಕಿಯೊಬ್ಬರು ಎರಡು ನಿಮಿಷ ಕೆಮ್ಮಿದರು, ಆಮೇಲೆ ಕೋಳಿಯನ್ನು ಗದರಿಸಿದರು. ಕೆಮ್ಮಿನಲ್ಲಿ ಏನು ಸಂಶೋಧನೆ? ಇಡೀ ಫೋಲ್ಡರ್ ಅಳಿಸಿದೆ. ಮರಳಿ ಬರಬಾರದೆಂದು ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.

ಅಷ್ಟು ಜಾಗ ನೋಡಿ ಹುಮ್ಮಸ್ಸು ಬಂತು. ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿದ್ದ ಹೆಂಡತಿ ಸುಮಾಗೆ ಫೋನ್ ಮಾಡಿದೆ.

“ಫೋನ್ ತುಂಬಿದೆ ಅಂತಿದ್ಯಲ್ಲ, ಪುಟ್ಟಿ ಡಾನ್ಸ್ ವಿಡಿಯೋ ಎಲ್ಲಾ ನನಗೆ ಕಳಿಸು.”

“ಯೂನಿವರ್ಸಿಟಿ ಕಂಪ್ಯೂಟರಲ್ಲಿ ಇಡಬಹುದೇನ್ರೀ?”

“ನಾನಿದ್ದೀನಲ್ಲ.”

ಅವಳು ಕಳಿಸಿದಳು. ನನ್ನನ್ನು ನಂಬಿ ಫೋನಿನಿಂದ ಅಳಿಸಿಯೂಬಿಟ್ಟಳು. ಖಾತೆ ಮತ್ತೆ ಕಂಠಮಟ್ಟ ತುಂಬಿತು.

ಅಷ್ಟರಲ್ಲಿ ಫಾತಿಮಾ ಬಂದಳು. “ಅಣ್ಣಾ, ಅಜ್ಜಿ ಫೋಲ್ಡರ್ ಎಲ್ಲಿ ಅದ?”

“ಬರೀ ಕೆಮ್ಮು ಇತ್ತಮ್ಮ. ತೆಗೆದೆ.”

ಅವಳು ಮೆಲ್ಲಗೆ ಕುರ್ಚಿಯಲ್ಲಿ ಕುಳಿತಳು. “ಕೆಮ್ಮು ಮುಗಿದ ಮ್ಯಾಲೆ ಹಾಡ್ಯಾಳ. ಆ ಹಾಡು ಬ್ಯಾರೆ ಯಾರಿಗೂ ಬರಂಗಿಲ್ಲ. ಅಜ್ಜಿ ತೀರಿಕೊಂಡಾಳ, ಅಣ್ಣಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳನ್ನು ಕರೆದುಕೊಂಡು ಕಂಪ್ಯೂಟರ್ ಕೇಂದ್ರಕ್ಕೆ ಓಡಿದೆ. ಅಲ್ಲಿನ ಮೆಹ್ತಾಜಿ ಚಹಾ ಬದಿಗಿಟ್ಟು ಹುಡುಕಿದರು. “ಅಚ್ಛಾ, ಕಲ್ ಕಾ ಬ್ಯಾಕಪ್ ಹೈ,” ಅಂದರು. ನಿನ್ನೆಯ ಪ್ರತಿ ಉಳಿದಿತ್ತು! ಅವರ ಕಾಲು ಹಿಡಿಯುವುದೊಂದು ಬಾಕಿ. ಆದರೆ ಅದನ್ನು ತಂದಿಡಲು ಖಾತೆಯಲ್ಲಿ ಜಾಗವಿರಲಿಲ್ಲ. ಜಾಗ ತಿಂದವರು ಯಾರೆಂದು ಅವರು ಒಂದು ವಿಡಿಯೋ ಒತ್ತಿದರು. ಪರದೆಯ ಮೇಲೆ ನನ್ನ ಮಗಳು ನವಿಲಿನ ವೇಷದಲ್ಲಿ ಕುಣಿಯತೊಡಗಿದಳು.

ತಲೆ ತಗ್ಗಿಸಿ ಅಳಿಸಲು ಹೊರಟೆ. ಫಾತಿಮಾ ನನ್ನ ಕೈಯಿಂದ ಮೌಸ್ ಕಸಿದುಕೊಂಡಳು. “ಕೂಸಿಂದು ಅಳಿಸಬ್ಯಾಡ್ರಿ. ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊತೀನಿ.”

ನವಿಲು ಅತ್ತ ಹೋಯಿತು, ಅಜ್ಜಿ ಇತ್ತ ಬಂದರು. ಮೂವರೂ ಕೂತು ಕೆಮ್ಮನ್ನು ಪೂರ್ತಿ ಕೇಳಿದೆವು, ಹಾಡು ಶುರುವಾಗುವವರೆಗೂ.

ಮರುದಿನ ಮೇಡಂ ಪಾಸ್‌ವರ್ಡ್ ಬದಲಾಯಿಸಿ ಫಾತಿಮಾಳಿಗೆ ಮಾತ್ರ ಕೊಟ್ಟರು. ಈಗ ನನ್ನದೇ ಫೈಲ್ ಬೇಕಾದರೂ ಅವಳಿಗೆ ಅರ್ಜಿ ಬರೆಯಬೇಕು. ಮೊನ್ನೆ ಬರೆದೆ. ನಾಲ್ಕು ಕಾಗುಣಿತದ ತಪ್ಪು ತಿದ್ದಿ ವಾಪಸ್ ಕಳಿಸಿದಳು.

ನನ್ನ ಸಂಶೋಧನೆಯ ವಿಷಯ ಕನ್ನಡ ವ್ಯಾಕರಣ.